ಕಿಟಕಿಯಿಲ್ಲದ ಕೋಣೆ

ಹದಿನಾಲ್ಕು ವರ್ಷ ಈ ಹಡಗುಗಳಿಗೆ ಹಿಡಿಶಾಪ ಹಾಕಿದವಳು ನಾನು.
ಜೆನೋವಾದ ಗುಡ್ಡದಲ್ಲಿ, ಒರೆಜಿನಾದಲ್ಲಿ, ನಮ್ಮ ಅಡುಗೆಮನೆ;
ಭಾನುವಾರ ಬೆಳಿಗ್ಗೆ ಅವು ಬಂದು ನಿಂತವೆಂದರೆ
ಕಿಟಕಿಯಲ್ಲಿದ್ದ ಕಡಲು ಮಾಯ.
ಒಂದು ಬಿಳಿ ಗೋಡೆ. ಗೋಡೆಯ ತುಂಬ ಬಾಲ್ಕನಿ.

ಈಗ ಅದೇ ಗೋಡೆಯ ಹೊಟ್ಟೆಯೊಳಗೆ ನಾವು:
ಇಬ್ಬರು ಮಕ್ಕಳು, ಒಂದು ತಳ್ಳುಗಾಡಿ, ಮೂರು ಬಾಟಲಿ ಕೆಮ್ಮಿನ ಔಷಧಿ.
ರೂಜೆರೊಗೆ ಕಂಪನಿಯವರು ಕೊಟ್ಟ ರಿಯಾಯಿತಿ ಚೀಟಿ,
ಅದಕ್ಕೆ ದಕ್ಕಿದ್ದು ಕಿಟಕಿಯಿಲ್ಲದ ಕೋಣೆ.
"ಕಡಲೆಲ್ಲಿ?" ಕೇಳಿದ ಬಾರ್ತೊಲೊ, ನಾಲ್ಕು ವರ್ಷದವನು.
ಟೀವಿಯ ಒಂದನೇ ಚಾನೆಲ್ಲಿನಲ್ಲಿತ್ತು,
ಹಡಗಿನ ಮೂತಿಯ ಕ್ಯಾಮೆರಾಕ್ಕೆ ಕಂಡಷ್ಟು ನೀರು, ಸದ್ದಿಲ್ಲದೆ.
ಅವನು ಅದಕ್ಕೆ ಬಿಸ್ಕತ್ತು ತೋರಿಸಿದ.

ಮೇಲೆ ಹತ್ತಿ, ಕಟಕಟೆ ಹಿಡಿದು ನೋಡಿದರೆ
ನಮ್ಮ ಮನೆ, ಮೊದಲ ಸಲ, ಆಚೆಯಿಂದ:
ಹಳದಿ ಗೋಡೆ, ಬಣ್ಣ ಬಿಟ್ಟ ಹಸಿರು ಕಿಟಕಿ,
ತಂತಿಯ ಮೇಲೆ ನಾನು ಮರೆತುಬಂದ ಹಾಸುಬಟ್ಟೆ.
"ಮನೆ ಟಾಟಾ ಮಾಡ್ತಿದೆ" ಅಂದಳು ಲಿವಿಯಾ.
ಪಕ್ಕದ ಕಿಟಕಿಯಲ್ಲಿ ಯಾರೋ ಸೌಟು ಹಿಡಿದು
ನಮ್ಮನ್ನು ಬೈಯುತ್ತಿರಬೇಕು. ಬೈಯಲಿ.

ನೇಪಲ್ಸಿನ ಕಲ್ಲುಹಾಸಿಗೆ ತಳ್ಳುಗಾಡಿಯ ಒಂದು ಗಾಲಿ ಬಲಿ.
ಪಲೆರ್ಮೊದಲ್ಲಿ ಗುಮ್ಮಟಗಳಿಗೆ ಬೆನ್ನು ಹಾಕಿ
ಇಬ್ಬರೂ ಕುಕ್ಕರಗಾಲಲ್ಲಿ ಕೂತು ಇರುವೆಸಾಲು ಓದಿದರು.
ವಲೆಟ್ಟಾದಲ್ಲಿ ಮೂರು ಸಲ ಉಚ್ಚೆ, ಒಂದು ಸಲ ವಾಂತಿ;
ಇಷ್ಟೇ ನನ್ನ ಮಾಲ್ಟಾ.
ಅವರ ಊರು ಲಿಫ್ಟು. ಗುಂಡಿಗಳೇ ದೇವರು.
ಹದಿನಾರಾದ ಮೇಲೆ ಹದಿನೆಂಟು.
ಹದಿನೇಳು ಅಪಶಕುನ, ಅದಕ್ಕೇ ಇಟ್ಟಿಲ್ಲ ಎಂದ ಅಪ್ಪ.
"ಹಾಗಾದ್ರೆ ಅಲ್ಲಿ ಯಾರಿರ್ತಾರೆ?"

ಕೋಣೆ ಗುಡಿಸುವ ರೊಡೆಲ್, ಫಿಲಿಪೀನ್ಸಿನ ಇಲೊಯ್ಲೊದವನು,
ದಿನಕ್ಕೊಂದು ಪ್ರಾಣಿ ಮಡಿಸಿಡುತ್ತಿದ್ದ ತುವಾಲಿನಲ್ಲಿ:
ಆನೆ, ಹಂಸ, ದೀಪಕ್ಕೆ ಜೋತುಬಿದ್ದ ಕೋತಿ.
ಬಿಚ್ಚಿದರೆ ಸತ್ತುಹೋಗುತ್ತವೆ ಎಂದು ಮಕ್ಕಳ ತೀರ್ಪು.
ಐದನೆಯ ದಿನಕ್ಕೆ ಮೈ ಒರೆಸಲು ಗತಿಯಿಲ್ಲದೆ
ರೂಜೆರೊ ತನ್ನ ಅಂಗಿಯಲ್ಲೇ ಒರೆಸಿಕೊಂಡ;
ನಾನು ಮೊಸಳೆಗೆ ಜಾಗ ಬಿಟ್ಟು ಮಂಚದಂಚಿಗೆ ಮಲಗಿದೆ.

"ನಿನ್ನ ಮಗಳ ಹತ್ರ ಎಷ್ಟಿವೆ?" ಲಿವಿಯಾ ಕೇಳಿದಳು.
ಅವನು ನಕ್ಕ. ಮಡಿಸುವುದು ಕಲಿತದ್ದು ಹಡಗಿನಲ್ಲಿ.
ಮನೆಯ ತುವಾಲು ತೆಳು,
ಆನೆ ನಿಲ್ಲುವುದಿಲ್ಲ, ಎಂದ.
ಜೆನೋವಾಕ್ಕೆ ನಲವತ್ತು ಸಲ ಬಂದಿದ್ದಾನೆ, ಇಳಿದದ್ದಿಲ್ಲ.
ಭಾನುವಾರ ಎಂದರೆ ಕೋಣೆಗೆ ಹನ್ನೆರಡು ನಿಮಿಷ.
"ಹೇಗಿದೆ ನಿಮ್ಮೂರು?"
ಏನು ಹೇಳಲಿ. "ಏರು," ಎಂದೆ. "ಬಹಳ ಏರು."
ಅವನು ಮಲಗುವ ಜಾಗ ನೀರಿನ ಮಟ್ಟಕ್ಕಿಂತ ಕೆಳಗಂತೆ.
"ಅಲ್ಲಿ ಟೀವಿಯಲ್ಲಿ ಕಡಲು ಬರುತ್ತಾ?" ಬಾರ್ತೊಲೊಗೆ ಅದೇ ಚಿಂತೆ.
"ಕೇಳಿಸುತ್ತೆ," ಎಂದ ರೊಡೆಲ್, ಗೋಡೆಗೆ ಕಿವಿಯಿಟ್ಟು ತೋರಿಸಿ.

ಕೊನೆಯ ರಾತ್ರಿ ಪ್ರಾಣಿ ಬರಲಿಲ್ಲ.
ಓಣಿಯುದ್ದಕ್ಕೂ ಪೆಟ್ಟಿಗೆಗಳು ಬಾಗಿಲು ಕಾದವು.
ಬೆಳಗಾಗುತ್ತಲೇ ಬಾರ್ತೊಲೊ ಎದ್ದು
ಆನೆ, ಹಂಸ, ಕೋತಿ, ಎಲ್ಲವನ್ನೂ ತಾನೇ ಬಿಚ್ಚಿದ, ಅಳದೆ.
ಒಂದರ ಮೇಲೊಂದು ಎಳೆದು, ಮುದ್ದೆ ಮಾಡಿ, ಗುದ್ದಿ,
ಬಾಯಿಂದ ಊದಿ,
ಹಿಂದೆ ಸರಿದು ನೋಡಿದ.
"ಇದೇನೋ ಇದು, ಏನೂ ಅಲ್ಲ," ಎಂದಳು ಅಕ್ಕ.
"ಕಡಲು. ಅವನಿಗೆ."

ಸರಿಮಾಡಲು ಚಾಚಿದ ಕೈ ಹಿಂದೆಗೆದುಕೊಂಡೆ.
ಹನ್ನೆರಡು ನಿಮಿಷ ಅದಕ್ಕೆ ಆಯುಸ್ಸು, ಬಲ್ಲೆ.

ಮನೆಯಲ್ಲಿ ತಂತಿಯ ಬಟ್ಟೆ ಹಾಗೇ ಇತ್ತು,
ವಾರದ ಬಿಸಿಲು, ಒಂದು ಮಳೆ, ಪಾರಿವಾಳದ ಹಿಕ್ಕೆ ಸಮೇತ.
ಅದರಾಚೆ ಬಿಳಿ ಗೋಡೆ, ಸಂಜೆ ಐದಕ್ಕೆ ಹೊರಡುವುದು.
ನಮ್ಮ ಕೋಣೆ ಎಲ್ಲಿತ್ತೆಂದು ಹುಡುಕಿದೆ ಪೆದ್ದಿಯ ಹಾಗೆ,
ಕಿಟಕಿಯಿಲ್ಲದ್ದು ಹೊರಗಿನಿಂದ ಕಂಡೀತೆ?
ನೆಲ ಇನ್ನೂ ತೂಗುತ್ತಿತ್ತು.
ಮಕ್ಕಳಿಬ್ಬರೂ ಬೂಟು ಸಮೇತ ಮಲಗಿಬಿಟ್ಟಿದ್ದರು.