ಮೊಣಕೈವರೆಗೆ

ಬೇಸಿನ್ ಆರಿ ಮೂರು ಗಂಟೆಯಾಯಿತು.
ಬೆರಳ ಸಂದಿಯ ಬೆಂದ ಹುಳುವಿನ ವಾಸನೆ ಮಾತ್ರ
ಯಾವ ಸೋಪಿಗೂ ಜಗ್ಗದೆ ಕೂತಿದೆ.
ಶಿಡ್ಲಘಟ್ಟದ ಈ ಬೀದಿಯಲ್ಲಿ ಈಗ ಎದ್ದಿರುವುದು
ನಾನು, ರಜೆಗೆ ಬಂದ ಅಕ್ಕನ ಮಗಳು ಜುನೇರಾ,
ಮತ್ತು ರಾಟೆಯಂತೆ ಗರಗರ ಅನ್ನುವ
ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನ ಫ್ಯಾನು.

ಆಟ ಕೇಳುತ್ತಿದೆ:
ಯಾವ ಕ್ಲಬ್ಬಿಗೆ ಮ್ಯಾನೇಜರ್ ಆಗುತ್ತೀರಿ?

ಮೇಲಿನ ಸಾಲಿನವು ಥಳಥಳ.
ಕೋಟಿಗಟ್ಟಲೆ ದುಡ್ಡು, ಎಪ್ಪತ್ತು ಸಾವಿರ ಸೀಟು,
ಕಪ್ ಬರದಿದ್ದರೆ ಡಿಸೆಂಬರಿಗೇ ಮನೆಗೆ ಕಳಿಸುವ ಮಾಲೀಕರು.
"ಮಾಮು, ಆ ಕೆಂಪು ಜೆರ್ಸಿ!"
ಅದನ್ನು ಯಾರು ಬೇಕಾದರೂ ಆರಿಸುತ್ತಾರಮ್ಮ,
ಅದಕ್ಕೆ ಕೈ ಪಳಗಬೇಕಾಗಿಲ್ಲ.

ಅಬ್ಬಾ ನನಗೆ ಹೇಳಿಕೊಟ್ಟದ್ದು ಇಷ್ಟು:
ರಾಶಿಯ ಮೇಲೆ ಕಾಣುವ ಗೂಡು
ಎಣ್ಣೆ ಹಚ್ಚಿ ಕ್ರಾಪು ಬಾಚಿ ಮದುವೆಗೆ ಬಂದ ಮುಖ.
ನೀನು ಮೊಣಕೈವರೆಗೆ ಕೈ ಇಳಿಸು.
ಅಡಿಯಿಂದ ಒಂದು ಹಿಡಿ ತೆಗೆ.
ಕಿವಿಯ ಹತ್ತಿರ ಅಲ್ಲಾಡಿಸು.
ಒಳಗೆ ಹುಳು ಕಟಕಟ ಅಂದರೆ ಬಿಡಬೇಡ.
ಸದ್ದೇ ಇಲ್ಲವೋ, ಚಹಾ ಕುಡಿಯೋಕೆ ಹೋಗು.

ಇಳಿಸಿದೆ.
ಎರಡನೇ ಡಿವಿಷನ್, ನಾಲ್ಕನೆಯದು, ಆರನೆಯದು,
ತೋರುಬೆರಳು ಸವೆಯುವಷ್ಟು ಕೆಳಗೆ
ಸಿಕ್ಕಿತು ವಿಂಟ್ಲಿ ಟೌನ್.
ಯಾವುದೋ ಚಳಿ ಸಮುದ್ರದ ದಡ. ಸಾವಿರದೆಂಟುನೂರು ಸೀಟು,
ಅದರಲ್ಲೂ ಪೂರ್ವದ ಗ್ಯಾಲರಿ ಸೋರುತ್ತದೆಂದು ಮುಚ್ಚಿದ್ದಾರೆ.
ಕೆಂಪು ಬೇಕೆಂದೆಯಲ್ಲ, ತಗೋ:
ಬ್ಯಾಂಕ್ ಬ್ಯಾಲೆನ್ಸ್.
ಗೋಲ್‌ಕೀಪರಿಗೆ ಮೂವತ್ತೇಳು; ಫೋಟೊ ಇಲ್ಲ,
ಆ ಜಾಗದಲ್ಲಿ ಬೂದು ಬಣ್ಣದ ಒಂದು ನೆರಳು.
ಎಡಗಡೆ ಓಡುವವನು ಹದಿನೇಳರ ಹುಡುಗ,
ವೇಗ ಹದಿನಾರು, ಧೈರ್ಯ ಮೂರು.

"ಧೈರ್ಯಕ್ಕೂ ನಂಬರ್ ಇದೆಯಾ?"
ಇದೆ. ಇಪ್ಪತ್ತಕ್ಕೆ.
"ನಿಂಗೆಷ್ಟು, ಮಾಮು?"

ಹರಾಜು ಮೊಬೈಲಿಗೆ ಬಂದ ಹೊಸದರಲ್ಲಿ
ನಾನೂರ ಹತ್ತು ಒತ್ತುವ ಕಡೆ ಐನೂರ ಹತ್ತು ಒತ್ತಿದ್ದೆ.
ಲಾಟು ನಂಬರ್ ಇನ್ನೂರ ಆರು.
ಅರ್ಧಕ್ಕರ್ಧ ಊಜಿ ನೊಣದ ತೂತು.
ಅಬ್ಬಾ ಫೋನು ನೋಡಿದರು, ಕನ್ನಡಕ ತೆಗೆದರು,
"ಬಾ, ಬಿಚ್ಚೋಣ" ಅಂದರು.
ಎರಡು ದಿನ ಮುನಿರತ್ನಮ್ಮ ಬಿಸಿನೀರಲ್ಲಿ ಎಳೆ ಹುಡುಕಿದಳು,
ಕಡಿದಾಗೆಲ್ಲ ನನ್ನ ಹೆಸರು ಹಿಡಿದು ಶಪಿಸುತ್ತ,
ಕಡಿದಾಗೆಲ್ಲ ಸೇರಿಸುತ್ತ.
ಕೊನೆಗೆ ಬಂದದ್ದು ದಾರವೇ.
ಮಾರಿದ್ದು ನಷ್ಟಕ್ಕೆ.

ಜುನೇರಾ ಲ್ಯಾಪ್‌ಟಾಪನ್ನೇ ಎತ್ತಿ
ಕಿವಿಯ ಹತ್ತಿರ ಅಲ್ಲಾಡಿಸಿದಳು.
"ಒಳಗೆ ಏನೋ ಕಟಕಟ ಅಂತಿದೆ!"
ಅದು ಸಡಿಲಾದ ಸ್ಕ್ರೂ, ಕೊಂಡಾಗಿನಿಂದಲೂ ಇದೆ.
ಇರಲಿ. ಒತ್ತಿದೆ.

ಖಚಿತವೇ? ಎಂದು ಕೇಳಿತು ಆಟ.
ಎಂಥ ಮರ್ಯಾದೆ!
ಗೂಡಿನ ಮಾರುಕಟ್ಟೆಯಲ್ಲಿ ಇಷ್ಟು ವರ್ಷ
ಒಬ್ಬರೂ ನನ್ನನ್ನು ಹಾಗೆ ಕೇಳಿಲ್ಲ.
ಹೌದು.

ಮೊದಲ ಸಂದೇಶ: ಎಡಗಡೆ ಹುಡುಗನ ಮಂಡಿ ತಿರುಚಿದೆ, ಏಳು ತಿಂಗಳು.
ಎರಡನೆಯದು: ಗೋಲ್‌ಕೀಪರ್ ತಮ್ಮನ್ನು ಕಾಣಬೇಕಂತೆ.

ಸೇವ್ ಮಾಡದೆ ಮುಚ್ಚಿದರೆ ಇದೇನೂ ನಡೆದೇ ಇಲ್ಲ.
ಬೇರೆ ಊರು, ಬೇರೆ ಬಣ್ಣ, ನೆಟ್ಟಗಿರುವ ಮಂಡಿ.
ಜುನೇರಾಗೆ ಅದು ನನಗಿಂತ ಮೊದಲೇ ಹೊಳೆದಿದೆ,
ಬೆರಳು ಆಗಲೇ ಮೂಲೆಯ ಗುಣಾಕಾರ ಚಿಹ್ನೆಯ ಮೇಲೆ.
ತಡಿ, ಅಂದೆ.

ಈಗ ನಿದ್ದೆ ಬಂದು ಅವಳು ನನ್ನ ತೊಡೆಗೆ ಒರಗಿದ್ದಾಳೆ.
ಮಾರುಕಟ್ಟೆ ಚೀಟಿಯ ಹಿಂಬದಿಗೆ
ನಾನು ಹೆಸರು ಬರೆಯುತ್ತಿದ್ದೇನೆ,
ಅರ್ಧಕ್ಕೆ ನಾಲಿಗೆಯೇ ತಿರುಗುವುದಿಲ್ಲ.
ಹತ್ತು ಆಯಿತು.
ಐದಕ್ಕೆ ಮುನಿರತ್ನಮ್ಮ ಬಂದು ಒಲೆ ಹಚ್ಚುತ್ತಾಳೆ.
ಅಷ್ಟರೊಳಗೆ
ಎಡಗಡೆಗೆ ಒಬ್ಬ ಬೇಕು.