ಅಡಿತಗಡು

ಪ್ಯಾರೇಜಾನ್ ಜೀಪಿನಡಿ ಮಲಗಿ
ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚುತ್ತ ಹೋದ.
ಗಟ್ಟಿ ಇದ್ದಲ್ಲಿ ಟಣ್ ಅಂದಿತು.
ಮಿಕ್ಕಲ್ಲಿ ಏನೂ ಅನ್ನದೆ
ಹಳೇ ಬೆಲ್ಲದ ಹಾಗೆ ಉದುರಿತು ಅವನ ಗಡ್ಡದ ಮೇಲೆ.
‘ಸಾರ್, ಇದರಲ್ಲಿ ಗಾಡಿ ಕಮ್ಮಿ, ಪೇಂಟು ಜಾಸ್ತಿ’ ಎಂದ.

ಕಲಾಸಿಪಾಳ್ಯದ ಈ ಗಲ್ಲಿಯಲ್ಲಿ ಹಗಲಿಗೂ ಟ್ಯೂಬ್‌ಲೈಟು.
ಗೋಡೆಗೊರಗಿದ ಹನ್ನೊಂದು ಬಾಗಿಲು,
ಯಾವುದೂ ಯಾವುದಕ್ಕೂ ಸೇರಿದ್ದಲ್ಲ.
ಟೈರೊಂದರ ಮೇಲೆ ಕೂತೆ,
ಸ್ಟೀರಿಂಗ್ ಇಲ್ಲದ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ.

ಹತ್ತೊಂಬತ್ತು ವರ್ಷ ಸರ್ಕಾರದ್ದಾಗಿತ್ತು ಇದು,
ಅಂತರ್ಜಲ ನೋಡುವ ಇಲಾಖೆಯದು.
ಓಡಿಸಿದ್ದು ನಾನು. ಪಕ್ಕದಲ್ಲಿ ಜಯಶೀಲಾ ಮೇಡಂ,
ತೊಡೆಯ ಮೇಲೆ ನಕ್ಷೆ, ನಕ್ಷೆಯ ಮೇಲೆ ಕಡ್ಲೆಕಾಯಿ.
ಹರಾಜಿನ ದಿನ ನನ್ನೆದುರು ಕೂಗಿದವನು
ಗುಜರಿಯವನೊಬ್ಬನೇ.
ಅವನು ತೂಕ ನೋಡಿ ಕೂಗಿದ್ದ.
ನಾನು ಏನು ನೋಡಿ ಕೂಗಿದೆನೆಂದು
ಹೆಂಡತಿ ಇನ್ನೂ ಕೇಳುತ್ತಾಳೆ,
ಹಸಿರು ತೆರಿಗೆ ಕಟ್ಟುವಾಗೆಲ್ಲ, ತಪ್ಪದೆ.

ಮಧ್ಯಾಹ್ನ ಗ್ರೈಂಡರ್ ಕಿರುಚತೊಡಗಿತು.
ಕಿಡಿಗಳು ನನ್ನ ಚಪ್ಪಲಿ ತನಕ ಬಂದು ಆರಿದವು.
ಎಡಗಡೆ, ಮೇಡಂ ಕಾಲಿಡುತ್ತಿದ್ದ ಜಾಗದಲ್ಲಿ
ಮ್ಯಾಟ್ ಎತ್ತಿ, ಟಾರು ಕೆರೆದು,
‘ಇಲ್ಲೇನೋ ಬರೆದಿದೆ’ ಅಂದ ಹುಡುಗ.

ಬರೆದಿತ್ತು. ನೆನಪಾಯಿತು.
ಪಾವಗಡದ ಕಡೆ ಓಡಾಡುತ್ತಿದ್ದ ವರ್ಷ
ಅಲ್ಲೊಂದು ತೂತು ಬಿದ್ದು,
ಮೇಡಂ ಅದರಲ್ಲೇ ರಸ್ತೆ ನೋಡುತ್ತ
‘ಈಗ ಕೆಂಪು ಮಣ್ಣು, ಈಗ ಗರಸು’ ಎಂದು
ತಲೆಯೆತ್ತದೆ ಊರು ಹೇಳುತ್ತಿದ್ದರು.
ಒಂದು ದಿನ ಚಪ್ಪಲಿಯೇ ಬಿದ್ದುಹೋಯಿತು.
ರಿಪೇರಿಗೆ ಬರೆದ ಕಾಗದಕ್ಕೆ ಮೂರು ತಿಂಗಳಾದರೂ ಸಹಿಯಿಲ್ಲ.
ಆಮೇಲೊಂದು ಸಂಜೆ ಅವರೇ
ಆಫೀಸು ಕಾಂಪೌಂಡಿನ ಬೋರ್ಡು ಕಿತ್ತು ತಂದು
‘ವೆಲ್ಡ್ ಮಾಡಿಸು, ಯಾರಿಗೂ ಹೇಳಬೇಡ’ ಎಂದರು.

ಇಲ್ಲಿ ವಾಹನ ನಿಲ್ಲಿಸಬೇಡಿ ಎಂದಿತ್ತು ಆಗ.
ನಡುವಿನ ವಾಹನವನ್ನು ತುಕ್ಕು ತಿಂದಿದೆ,
ಕೊನೆಯ ಮೂರಕ್ಷರವನ್ನೂ.
ಇಲ್ಲಿ ನಿಲ್ಲಿ
ಎಂದಿದೆ ಈಗ.
ಹುಡುಗ ಓದಿ ನಕ್ಕ. ನಾನೂ.
ಕೊಡು, ಇಟ್ಟುಕೊಳ್ಳುತ್ತೇನೆ ಅನ್ನಬೇಕೆಂದಿದ್ದೆ;
ಅಷ್ಟರಲ್ಲಿ ಟೀ ಬಂತು.
ತಿರುಗಿ ನೋಡಿದರೆ ಡಿಸ್ಕ್ ಅದರ ಮೇಲೂ ಹಾದಿತ್ತು.
ಎಲ್ಲ ಸೇರಿ ಗುಜರಿ ತಕ್ಕಡಿಯಲ್ಲಿ ಮೂವತ್ತೆಂಟು ಕಿಲೋ.

ಕಮಾನು ಪಟ್ಟಿ ಹತ್ತು ಎಲೆಯದ್ದು, ಇಳಿಸಿದರು.
ಎಲೆಗೆ ಎಲೆ ಕಚ್ಚಿ ಒಂದೇ ಹಲಗೆಯಾಗಿತ್ತು.
‘ನಿಮ್ಮ ಬೆನ್ನೇ ಸ್ಪ್ರಿಂಗು ಸಾರ್ ಇಷ್ಟು ದಿನ.’
ಕಮ್ಮಾರನೊಬ್ಬ ಹೊತ್ತುಕೊಂಡು ಹೋದ;
ಎಳನೀರಿನವರ ಮಚ್ಚಾಗುತ್ತದಂತೆ.
ಹೊಸದು ಮೂರೇ ಎಲೆ, ನಡುವೆ ಗಾಳಿ ಆಡುವಷ್ಟು ಸಂದು.
ಗ್ಯಾಸು ತುಂಬಿದ ಶಾಕ್ ಅಬ್ಸಾರ್ಬರ್ ನಾಲ್ಕು,
ನನ್ನ ಗ್ರಾಚ್ಯುಟಿಯ ಕೊನೆಯ ಚೂರು.
ಹೊಸ ತಗಡಿಗೆ ರೆಡ್ ಆಕ್ಸೈಡ್ ಬಳಿದಾಗ
ತುಕ್ಕಿನ ಬಣ್ಣವೇ ಬಂತು ಮತ್ತೆ.
ಗಾಡಿ ಎರಡಂಗುಲ ಎತ್ತರವಾಗಿತ್ತು;
ಹತ್ತಲು ಚೌಕಟ್ಟು ಹಿಡಿದೆ.

ರಾತ್ರಿ ಮಾರ್ಕೆಟ್ ಫ್ಲೈಓವರ್ ಏರಿದೆ.
ಅದರ ಒಂದೊಂದು ಸಂದೂ ನನ್ನ ಸೊಂಟಕ್ಕೆ ಬಾಯಿಪಾಠ.
ಬಂತು, ಅಂತ ಹಲ್ಲು ಕಚ್ಚಿದೆ. ಬರಲಿಲ್ಲ.
ಕಚ್ಚಿದ ಹಲ್ಲಿನಲ್ಲೇ ಆಚೆ ಇಳಿದೆ.
ಮೈಸೂರು ರಸ್ತೆಯ ಹಂಪು, ಜಲಮಂಡಳಿ ಅಗೆದು ಮುಚ್ಚಿದ ಗುಂಡಿ,
ಯಾವುದೂ ತನ್ನ ಹೆಸರು ಹೇಳಲಿಲ್ಲ.
ಸುಖ ಅಂದರೆ ಇದೇ ಇರಬೇಕು,
ಯಾವ ರಸ್ತೆಯಲ್ಲಿದ್ದೇನೆಂದು ಗೊತ್ತಾಗದಿರುವುದು.

ಚಾಮರಾಜಪೇಟೆಯ ಅಡ್ಡರಸ್ತೆಗೆ ತಿರುಗಿದರೆ
ಗೇಟು ಗೇಟಿಗೂ ಅದೇ ಬೋರ್ಡು,
ಹೊಸ ಪೇಂಟು, ಒಂದಕ್ಷರವೂ ಉದುರಿಲ್ಲ.

‘ಐನೂರು ಕಿಲೋಮೀಟರ್ ಓಡಿಸಿ ಬನ್ನಿ,
ಯೂ-ಬೋಲ್ಟ್ ಮತ್ತೆ ಬಿಗಿಯಬೇಕು’ ಅಂದಿದ್ದಾನೆ.
ಪಾವಗಡ ಹೋಗಿಬಂದರೆ ಮುನ್ನೂರು ಚಿಲ್ಲರೆ.
ಮಿಕ್ಕದ್ದಕ್ಕೆ ಯಲಹಂಕ, ಮೇಡಂ ಮನೆ,
ನಾಲ್ಕು ಸಲವಾದರೂ ಹೋಗಿಬರಬಹುದು,
ನಿಲ್ಲಿಸಲು ಜಾಗ ಸಿಕ್ಕರೆ.