ಮೀಸೆ ಅಂಟಿಸುವವನು

ಬೆಳಗಿನ ಐದೂಕಾಲಕ್ಕೆ, ಗೋರೆಗಾಂವದ ಫಿಲ್ಮ್ ಸಿಟಿಯಲ್ಲಿ,
ವಿಂಚೂರೆಯ ಮೀಸೆಯನ್ನು ನಾನೇ ಅಂಟಿಸುತ್ತೇನೆ.
ಮೊದಲು ಸ್ಪಿರಿಟ್ ಒರೆಸಬೇಕು, ಆಮೇಲೆ ಗೋಂದು,
ಗೋಂದು ಎಳೆ ಹಿಡಿಯುವ ತನಕ ಊದಬೇಕು,
ಮಗುವಿನ ತರಚುಗಾಯಕ್ಕೆ ಊದಿದ ಹಾಗೆ.
ಕೂದಲು ದಕ್ಷಿಣದ ಯಾವುದೋ ದೇವರಿಗೆ ಕೊಟ್ಟ ಮುಡಿ,
ಕಿಲೋ ಲೆಕ್ಕದಲ್ಲಿ ಬರುತ್ತದೆ.

ನಟ ಗಯಾದವನು. ಕಣ್ಣು ಮುಚ್ಚಿ ಕೂತಿರುತ್ತಾನೆ,
ತುಟಿ ಮಾತ್ರ ಪಾಠ ಒಪ್ಪಿಸುತ್ತಿರುತ್ತದೆ:
‘ಈ ನಗರದ ನೀರು ಮೊದಲು ಈ ನಗರದವರಿಗೆ.’
ಅಲುಗಬೇಡ ಮಾರಾಯ, ಅನ್ನುತ್ತೇನೆ,
ಎಡಗಡೆ ವಾಲುತ್ತದೆ.

ಒಟ್ಟು ಹತ್ತು ಕಂತು.
ಬಾಲ್ಯಕ್ಕೆ ಒಂದು, ತಾಯಿ ತೀರಿಕೊಂಡದ್ದಕ್ಕೆ ಒಂದು,
ಬೀದಿನಾಯಿಗೆ ಬಿಸ್ಕತ್ತು ಹಾಕುವುದಕ್ಕೆ ಅರ್ಧ.
ನಮಗೆ ಆರನೆಯದರಲ್ಲಿ ಹನ್ನೊಂದು ನಿಮಿಷ.

ಎಂಟನೇ ಫ್ಲೋರಿನಲ್ಲಿ ಪರೇಲಿನ ಚಾಳು ಎದ್ದಿದೆ,
ಮೂರು ಮಾಳಿಗೆ, ಎಲ್ಲ ಪ್ಲೈವುಡ್.
ಅಂಗಳದಲ್ಲಿ ಎರಡು ನಲ್ಲಿ:
ಒಂದರ ಮೇಲೆ ‘ಆಪ್ಲೆ’, ಒಂದರ ಮೇಲೆ ‘ಬಾಹೇರ್‌ಚೆ’.
ತುಕ್ಕು ಬಳಿಯುತ್ತಿದ್ದ ಹುಡುಗಿ ಕುಂಚ ನಿಲ್ಲಿಸಿ ಕೇಳಿದಳು,
ಅಂಕಲ್, ನಿಜವಾಗಿ ಹೀಗೇ ಇತ್ತಾ?
ಬರಹ ಇರಲಿಲ್ಲ, ಎಂದೆ.
ಬರೆಯದೆ ಎಲ್ಲರಿಗೂ ಗೊತ್ತಿತ್ತು.
ನಮ್ಮಮ್ಮ ಕೊಡ ಇಡಬಹುದಾದದ್ದು ಏಳರ ನಂತರ,
ಏಳೂಹತ್ತಕ್ಕೆ ನೀರು ನಿಲ್ಲುತ್ತಿತ್ತು.
ಅವಳು ನಕ್ಕಳೋ ಇಲ್ಲವೋ ತಿಳಿಯಲಿಲ್ಲ, ಮಾಸ್ಕ್ ಹಾಕಿದ್ದಳು.

ಮಂಗಳವಾರ ಹೋಟೆಲು ಒಡೆಯುವ ದೃಶ್ಯ.
ಸಕ್ಕರೆ ಪಾಕದ ಗಾಜು, ಥರ್ಮಾಕೋಲಿನ ಕಲ್ಲು,
ಕಲ್ಲೆಸೆಯಲು ದಿನಗೂಲಿಯ ನಲವತ್ತು ಜನ,
ಅವರಲ್ಲಿ ಅರ್ಧ ನಮ್ಮ ಕಡೆಯವರೇ,
ಇಂಡಿಯವರು, ಸಿಂದಗಿಯವರು. ಎಸೆಯುವಾಗ ನಗು ಬಂದು
ಮೂರು ಸಲ ಕಟ್.
ಲೋಟ ತೊಳೆಯುವ ಮಾಣಿಗೆ ಒಂದು ಗಾಯ ಬೇಕು, ಎಂದರು,
ನೈಜವಾಗಿರಲಿ.

ನನಗೆ ಚಿತ್ರ ತೋರಿಸಬೇಕಾಗಿರಲಿಲ್ಲ.
ಎಡಹುಬ್ಬಿನ ಮೇಲಿಂದ ಓರೆಯಾಗಿ ಕಿವಿಯ ಕಡೆಗೆ,
ನಡುವೆ ಒಂದು ಕಡೆ ತುಟಿ ತೆರೆದ ಹಾಗೆ,
ಅಲ್ಲಿ ಸ್ವಲ್ಪ ಬಿಳಿ.
ಕೆಇಎಮ್ಮಿನ ವರಾಂಡದಲ್ಲಿ, ಆರು ವರ್ಷದವನು,
ಟವೆಲು ಒತ್ತಿ ಹಿಡಿದವನು ನಾನು.
ಒಂದೂವರೆ ಗಂಟೆ ಕೂತು ಮಾಡಿದೆ.
ಹುಡುಗ ಕನ್ನಡಿ ನೋಡಿ ಮುಖ ತಿರುಗಿಸಿದ.
ನಿರ್ದೇಶಕರು ಹತ್ತಿರ ಬಂದು ಭುಜ ತಟ್ಟಿದರು,
ಬಹಳ ಚೆನ್ನಾಗಿದೆ ಅಣ್ಣಾ, ಆದರೆ
ಜನ ಊಟದ ಹೊತ್ತಿಗೆ ನೋಡುತ್ತಾರೆ. ಕಡಿಮೆ ಮಾಡಿ.
ಒದ್ದೆ ಹತ್ತಿಯಲ್ಲಿ ಅಪ್ಪನ ಗಾಯವನ್ನು ಅರ್ಧಕ್ಕಿಳಿಸಿದೆ.
ಇನ್ನೂ ಸ್ವಲ್ಪ, ಎಂದರು.

ಸಂಜೆ ಮೀಸೆ ಬಿಚ್ಚುವಾಗ ಗಯಾದವನು ಅಂದ,
ಮೆಲ್ಲಗೆ ದಾದಾ, ಉರಿಯುತ್ತದೆ.
ಅಡಿಯಲ್ಲಿ ಕೆಂಪಗೆ ಸಣ್ಣ ತುಟಿ.
ಕೊಬ್ಬರಿ ಎಣ್ಣೆ ಹಚ್ಚಿದೆ.
ಅವನ ಬಾಡಿಗೆ ಮನೆಯ ಮಾಲೀಕ
ಊರು ಕೇಳಿ ಮುಂಗಡ ವಾಪಸು ಕೊಟ್ಟನಂತೆ,
ಹೋದ ತಿಂಗಳು. ಮೀಸೆಯನ್ನು ಡಬ್ಬಿಯಲ್ಲಿಟ್ಟು ಮುಚ್ಚಿದೆ.

ಆರನೆಯ ಕಂತು ಬಂದ ರಾತ್ರಿ ಭಾಂಡೂಪಿನಲ್ಲಿ
ಅಪ್ಪ ಗಂಜಿಯ ಬಟ್ಟಲು ಹಿಡಿದು ಕೂತಿದ್ದ.
ಎಂಬತ್ತಮೂರು. ಕಿವಿ ಮಂದ, ಕಣ್ಣು ಚುರುಕು.
‘ಮೀಸಿ ಅಷ್ಟ್ ದಪ್ಪ ಇರ್ಲಿಲ್ಲ ಅವ್ನಿಗೆ.’
ನೀನು ಅವನನ್ನು ನೋಡಿದ್ದೆಯಾ?
‘ಗುರ್ವಾರ ಗುರ್ವಾರ ಬಪ್ಪುದಿತ್ತ್. ನಾಕ್ನೇ ಟೇಬ್ಲ್.
ಸಾಂಬಾರ್ ಎರಡ್ ಸಲ ಬೇಕ್.
ಕೈ ತೊಳೂಕೆ ನೀರ್ ಹೊಯ್ಯುದ್ ನಾನೇ.’

ಇಷ್ಟು ವರ್ಷ ಇದನ್ನು ಹೇಳಿರಲಿಲ್ಲ.
ಕೇಳೋಣವೆಂದರೆ ಪರದೆಯಲ್ಲಿ ಗಾಜು ಒಡೆಯಿತು,
ಮಾಣಿ ಬಿದ್ದ, ಕ್ಯಾಮೆರಾ ಅವನನ್ನು ದಾಟಿ
ಮಾಡದ ಮೇಲೆ ನಿಂತ ವಿಂಚೂರೆಯ ಕಣ್ಣಿಗೆ ಹೋಯಿತು,
ಅಲ್ಲಿ ನೀರಿತ್ತು. ಗ್ಲಿಸರಿನ್, ನಾನೇ ಹಾಕಿದ್ದು.

ಅಪ್ಪ ಚಮಚ ನಿಲ್ಲಿಸಿದ.
‘ಆ ಮಾಣಿ ಹಣಿ ಮೇಲೆ ಎಂತದಾ ಅದ್?
ಕುಂಕುಮವಾ?’